ಸಣ್ಣ ಅಂಗಡಿಗಳು ಮುಚ್ಚುತ್ತಿವೆ: ನಮ್ಮ ಕೈತಪ್ಪಿ ಹೋಗುತ್ತಿರುವುದು ನಿಜಕ್ಕೂ ಏನು?

ಹಳೇ ಗಿರಾಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ವಿಷಯ ಇದು. ಸ್ವಲ್ಪ ಉದ್ದವಾಗಿದೆ, ಓದಿ ಉತ್ತರ ಕೊಟ್ಟರೆ ಖುಷಿ.

ಮಾಲೀಕರೇ ಗಲ್ಲಾದಲ್ಲಿ ಕೂತು ನಡೆಸುವ ಸಣ್ಣ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಹಾರ್ಡ್‌ವೇರ್, ಪುಸ್ತಕ, ಸ್ಟೇಷನರಿ, ವಾಚ್ ರಿಪೇರಿ, ಎಲೆಕ್ಟ್ರಿಕಲ್ ಸಾಮಾನು, ಯಾವುದನ್ನೇ ತೆಗೆದುಕೊಳ್ಳಿ. ಇದು ಒಂದು ಊರಿನ, ಒಂದು ದೇಶದ ಕಥೆಯೂ ಅಲ್ಲ. ಕಾರಣಗಳನ್ನು ಎಲ್ಲರೂ ಹೇಳುತ್ತಾರೆ: ಆನ್‌ಲೈನ್‌ನಲ್ಲಿ ಬೆಲೆ ಕಡಿಮೆ, ಬಾಡಿಗೆ ಜಾಸ್ತಿ, ದೊಡ್ಡ ಮಳಿಗೆಯಲ್ಲಿ ಎಲ್ಲವೂ ಒಂದೇ ಸೂರಿನಡಿ ಸಿಗುತ್ತದೆ, ಮಕ್ಕಳಿಗೆ ಅಂಗಡಿಯಲ್ಲಿ ಕೂರುವುದು ಬೇಡ. ಅದೆಲ್ಲ ಸರಿ. ಆ ಅಂಗಡಿಗಳಿಂದ ನಮಗೆ ಸಿಗುತ್ತಿದ್ದದ್ದು, ಈಗ ಬೇರೆಲ್ಲೂ ಸಿಗದೇ ಇರುವುದು ಯಾವುದು ಅನ್ನುವುದು ನನ್ನ ಪ್ರಶ್ನೆ.

ನಗುಮುಖ, ಆತ್ಮೀಯತೆ, ಹೆಸರು ಹಿಡಿದು ಕರೆಯುವುದು ಅಂತ ಜನ ಹೇಳುತ್ತಾರೆ. ನನಗೆ ಈ ಉತ್ತರ ಸಾಕಾಗುವುದಿಲ್ಲ. ದೊಡ್ಡ ಕಂಪನಿಗಳೂ ಸಿಬ್ಬಂದಿಗೆ ನಗುವುದನ್ನು ಕಲಿಸುತ್ತವೆ. ಆ್ಯಪ್ ತೆರೆದರೆ ಹೆಸರು ಹೇಳಿ ಸ್ವಾಗತ ಮಾಡುತ್ತದೆ, ಹೋದ ಸಲ ಏನು ಕೊಂಡೆ ಅನ್ನುವುದೂ ಅದಕ್ಕೆ ನೆನಪಿರುತ್ತದೆ. ಇನ್ನು ಹಳೆಯ ಅಂಗಡಿಯವರಲ್ಲಿ ಎಷ್ಟೋ ಜನ ಮುಖ ಗಂಟು ಹಾಕಿಕೊಂಡೇ ಮಾತಾಡುತ್ತಿದ್ದರು, ಆದರೂ ನಾವು ಅಲ್ಲಿಗೇ ಹೋಗುತ್ತಿದ್ದೆವು, ಅಲ್ವಾ?

ಇತ್ತೀಚೆಗೆ ಆನ್‌ಲೈನ್‌ನಲ್ಲಿ ತರಿಸಿದ ಒಂದು ಟೇಬಲ್ ಫ್ಯಾನ್ ಕೆಲವೇ ವಾರಗಳಲ್ಲಿ ನಿಂತುಹೋಯಿತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಮಾತಾಡಿದವರೆಲ್ಲ ಬಹಳ ವಿನಯವಂತರು, ಒಬ್ಬರೂ ಒರಟಾಗಿ ಮಾತಾಡಲಿಲ್ಲ. ಆದರೆ ಪ್ರತಿ ಸಲವೂ ಹೊಸಬರು, ಪ್ರತಿ ಸಲವೂ ಮೊದಲಿನಿಂದ ಕಥೆ ಹೇಳಬೇಕು, ಕೊನೆಗೆ ಒಂದು ಹೊಸ ದೂರಿನ ನಂಬರು ಕೊಟ್ಟು 48 ಗಂಟೆ ಕಾಯಿರಿ ಅನ್ನುತ್ತಾರೆ. ಬಿಡಿ, ಫ್ಯಾನ್ ವಿಷಯ ದೊಡ್ಡದಲ್ಲ. ಇದೇ ಫ್ಯಾನನ್ನು ಒಬ್ಬ ಅಂಗಡಿಯವರ ಹತ್ತಿರ ತೆಗೆದುಕೊಂಡು ಹೋಗಿದ್ದರೆ ಅವರು ಮೊದಲು ಬೇರೆ ಪ್ಲಗ್‌ಗೆ ಹಾಕಿ ನೋಡುತ್ತಿದ್ದರು, ಕೈಯಲ್ಲಿ ರೆಕ್ಕೆ ತಿರುಗಿಸಿ ನೋಡುತ್ತಿದ್ದರು, ಕೆಪಾಸಿಟರ್ ಹೋಗಿದೆ ಅಂತಲೋ, ಬೇರೆ ಪೀಸ್ ಕೊಡುತ್ತೇನೆ ಅಂತಲೋ ನಿಂತ ಜಾಗದಲ್ಲೇ ಹೇಳುತ್ತಿದ್ದರು. ಸಾಮಾನನ್ನು ನೋಡುವವರು, ಅದರ ಬಗ್ಗೆ ತಿಳಿದವರು, ತೀರ್ಮಾನ ಮಾಡುವವರು, ಮೂರೂ ಒಬ್ಬರೇ. ನನಗೆ ಅನ್ನಿಸುವ ಮಟ್ಟಿಗೆ ನಾವು ಕಳೆದುಕೊಳ್ಳುತ್ತಿರುವುದು ಇದನ್ನೇ.

ನಾನು ಅಂದುಕೊಂಡಿದ್ದು ಸರಿಯಾ? ಅಂಗಡಿ ನಡೆಸುವವರು, ದೊಡ್ಡ ಮಳಿಗೆಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ನಿಮ್ಮ ಕಡೆಯಿಂದ ಹೇಳಿ. ಉಳಿಸಿಕೊಳ್ಳುವ ದಾರಿ ಇದ್ದರೆ ಅದನ್ನೂ ಹೇಳಿ.

ನಟ್ಟು ಬೋಲ್ಟು

ಸರ್, ನಮ್ಮದು ಹಾರ್ಡ್‌ವೇರ್ ಅಂಗಡಿ, ಅಪ್ಪ ಶುರು ಮಾಡಿದ್ದು. ನೀವು ಹೇಳಿದ್ದು ಸರಿ ಇದೆ, ಆದರೆ ಒಂದು ಮಾತು ಸೇರಿಸಬೇಕು. ತೀರ್ಮಾನಕ್ಕಿಂತ ಮೊದಲು ಬರುವುದು ಪ್ರಶ್ನೆ. ಒಳ್ಳೆಯ ಅಂಗಡಿಯವನು ಸಾಮಾನು ತೆಗೆದುಕೊಡುವ ಮೊದಲು ಕೇಳುತ್ತಾನೆ.

ಬಂದವರು ಹೊಸ ನಲ್ಲಿ ಕೊಡಿ ಅನ್ನುತ್ತಾರೆ. ಯಾಕೆ ಬೇಕು ಅಂತ ಕೇಳುತ್ತೇನೆ. ಹಳೆಯದು ಸೋರುತ್ತಿದೆ ಅನ್ನುತ್ತಾರೆ. ಎಲ್ಲಿಂದ ಸೋರುತ್ತಿದೆ, ಬಾಯಿಂದಲೋ ಗೋಡೆಗೆ ಸೇರುವ ಕಡೆಯಿಂದಲೋ? ಬಾಯಿಂದ ಹನಿಯುತ್ತಿದ್ದರೆ, ಅದು ತಿರುಗಿಸುವ ಹಳೆಯ ಮಾದರಿ ನಲ್ಲಿಯಾದರೆ, ಹೆಚ್ಚಿನ ಸಲ ಒಂದು ವಾಷರ್ ಸಾಕು. ಗೋಡೆ ಕಡೆ ಸೋರುತ್ತಿದ್ದರೆ ಬಿಚ್ಚಿ ಟೆಫ್ಲಾನ್ ಟೇಪ್ ಸುತ್ತಿ ಮತ್ತೆ ಬಿಗಿ ಮಾಡಿದರೆ ಆಗಬಹುದು. ಗೋಡೆಗೆ ಏನಾದರೂ ನೇತುಹಾಕಲು ಸ್ಕ್ರೂ ಕೇಳಿದವರಿಗೂ ಅಷ್ಟೇ. ಗೋಡೆ ಇಟ್ಟಿಗೆಯದ್ದಾ, ಕಾಂಕ್ರೀಟಾ, ಎಷ್ಟು ತೂಕ ಹಾಕುತ್ತೀರಿ ಅಂತ ಕೇಳದೆ ಸ್ಕ್ರೂ ಕೊಟ್ಟರೆ ಅದು ನಾಳೆ ಕಿತ್ತುಕೊಂಡು ಬರುತ್ತದೆ. ವೆಬ್‌ಸೈಟ್‌ನಲ್ಲಿ ನಲ್ಲಿ ಅಂತ ಹುಡುಕಿದರೆ ನಲ್ಲಿಯೇ ಬರುತ್ತದೆ, ಅದೂ ನೂರಾರು. ನಿಮಗೆ ಬೇಕಿರುವುದು ವಾಷರ್ ಅಂತ ಹೇಳುವವರು ಅಲ್ಲಿ ಯಾರೂ ಇಲ್ಲ. ಹೇಳಿದರೆ ಅವರಿಗೆ ನಷ್ಟ.

ನಮಗೂ ಆ ಕ್ಷಣಕ್ಕೆ ನಷ್ಟವೇ. ನಲ್ಲಿ ಮಾರುವ ಬದಲು ವಾಷರ್ ಮಾರಿದರೆ ಲಾಭ ಏನೂ ಉಳಿಯುವುದಿಲ್ಲ. ಆದರೆ ಅವರು ಮನೆ ಕಟ್ಟಿಸುವಾಗ ಇಡೀ ಮನೆಯ ಪೈಪು, ಫಿಟ್ಟಿಂಗು ನಮ್ಮಲ್ಲೇ ತೆಗೆದುಕೊಳ್ಳುತ್ತಾರೆ ಅನ್ನುವ ನಂಬಿಕೆ ಮೇಲೆ ಅಪ್ಪ ವ್ಯಾಪಾರ ಮಾಡಿದರು. ಆ ಲೆಕ್ಕ ಈಗ ತಪ್ಪುತ್ತಿದೆ. ವಾಷರ್‌ಗೆ ಮಾತ್ರ ನಮ್ಮ ಹತ್ತಿರ ಬರುತ್ತಾರೆ, ದೊಡ್ಡ ಖರೀದಿ ಬಂದಾಗ ಬೇರೆ ಕಡೆ ಹೋಗುತ್ತಾರೆ.

ಗಿರಾಕಿಗಳನ್ನು ನಾನು ಬೈಯುವುದಿಲ್ಲ. ಬೆಲೆಯ ವ್ಯತ್ಯಾಸ ನಿಜವಾಗಿಯೂ ಇದೆ. ಒಂದೇ ಕಂಪನಿಯ ಒಂದೇ ಸಾಮಾನು, ಡಿಸ್ಟ್ರಿಬ್ಯೂಟರ್ ನನಗೆ ಕೊಡುವ ರೇಟಿಗಿಂತ ಕಡಿಮೆಗೆ ಅಲ್ಲಿ ಗಿರಾಕಿಗೇ ಸಿಗುತ್ತದೆ. ನಾನು ಲಾಭವನ್ನೇ ಬಿಟ್ಟರೂ ಆ ಬೆಲೆಗೆ ಕೊಡಲು ಆಗುವುದಿಲ್ಲ. ಹೀಗಿರುವಾಗ ಸಣ್ಣವರು ದುರಾಸೆಯಿಂದ ಜಾಸ್ತಿ ಬೆಲೆ ಹಾಕುತ್ತಾರೆ ಅಂತ ಯಾರಾದರೂ ಹೇಳಿದಾಗ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ ಹೊರಗಿನವರಿಗೆ ಕಾಣುವುದಿಲ್ಲ. ನಿಧಾನಕ್ಕೆ ಹೋಗುವ ಸರಕು. ಹಳೆಯ ಅಳತೆಯ ಬೋಲ್ಟು, ಈಗ ತಯಾರಾಗದ ಬೀಗದ ಬಿಡಿಭಾಗ, ಯಾವುದೋ ಕಾಲದ ಕಿಟಕಿಯ ಕೊಂಡಿ. ಇವನ್ನೆಲ್ಲ ವರ್ಷಗಟ್ಟಲೆ ಡಬ್ಬದಲ್ಲಿ ಇಟ್ಟುಕೊಂಡಿರುತ್ತೇವೆ, ಅಷ್ಟೂ ಬಂಡವಾಳ ಅಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ. ಮುರಿದ ತುಂಡನ್ನು ಕೈಯಲ್ಲಿ ಹಿಡಿದು ಬಂದವರಿಗೆ ಅದನ್ನು ಹುಡುಕಿ ಕೊಟ್ಟಾಗ ಅವರ ಮುಖದಲ್ಲಿ ಕಾಣುವ ಖುಷಿಗೆ ಬೆಲೆ ಕಟ್ಟಲು ಆಗುವುದಿಲ್ಲ, ನಿಜ. ಆದರೆ ಓಡುವ ಸರಕಿನ ಲಾಭದಿಂದಲೇ ಈ ಡಬ್ಬಗಳು ಉಳಿದಿದ್ದು. ಓಡುವ ಸರಕೆಲ್ಲ ಬೇರೆ ಕಡೆ ಹೋದ ಮೇಲೆ ಡಬ್ಬಗಳನ್ನು ಸಾಕುವುದು ಹೇಗೆ?

ಮನಸ್ಸಿಗೆ ನೋವಾಗುವುದು ಒಂದಕ್ಕೆ ಮಾತ್ರ. ಅರ್ಧ ಗಂಟೆ ನಿಂತು ಎಲ್ಲ ಕೇಳಿ ತಿಳಿದುಕೊಂಡು, ಡಬ್ಬದ ಮೇಲಿನ ಮಾಡೆಲ್ ನಂಬರಿನ ಫೋಟೋ ತೆಗೆದುಕೊಂಡು, ಆಮೇಲೆ ಬರುತ್ತೇನೆ ಅಂತ ಹೋಗುತ್ತಾರೆ.

ಕೌಂಟರ್ ಹಿಂದಿನವನು

ನಾನು ಇದರ ಆಚೆ ಬದಿಯಲ್ಲಿ ಇದ್ದವನು. ಮೊದಲು ಒಂದು ದೊಡ್ಡ ಮಳಿಗೆಯಲ್ಲಿ, ಆಮೇಲೆ ಒಂದು ಕಾಲ್ ಸೆಂಟರ್‌ನಲ್ಲಿ ಕೆಲಸ ಮಾಡಿದ್ದೇನೆ. ಹೆಸರು ಬೇಡ.

ಹಳೇ ಗಿರಾಕಿ ಅವರೇ, ನಿಮ್ಮ ಹತ್ತಿರ ಫೋನಿನಲ್ಲಿ ಮಾತಾಡಿದ ಆ ವಿನಯವಂತರ ಬಗ್ಗೆ ಹೇಳುತ್ತೇನೆ. ಅವರಿಗೆ ನಿಮ್ಮ ಕಷ್ಟ ಅರ್ಥವಾಗಿರುತ್ತದೆ. ತಪ್ಪು ಕಂಪನಿಯದ್ದು ಅಂತಲೂ ಗೊತ್ತಾಗಿರುತ್ತದೆ. ಆದರೆ ಅವರ ಮುಂದಿರುವ ಪರದೆಯಲ್ಲಿ ಬದಲಿ ಕೊಡುವ ಬಟನ್ ಇರುವುದಿಲ್ಲ. ದೂರು ದಾಖಲು ಮಾಡುವುದು, ಮುಂದಿನ ವಿಭಾಗಕ್ಕೆ ಕಳಿಸುವುದು, ಅಷ್ಟೇ ಅವರ ಕೈಯಲ್ಲಿರುವುದು. ಒಂದೊಂದು ಕರೆಯನ್ನೂ ಇಷ್ಟು ನಿಮಿಷದೊಳಗೆ ಮುಗಿಸಬೇಕು ಅನ್ನುವ ಲೆಕ್ಕ ಇರುತ್ತದೆ, ಅದನ್ನು ಅಳೆಯುತ್ತಾರೆ, ತಿಂಗಳ ಕೊನೆಗೆ ಅದರ ಮೇಲೆ ಅಂಕ ಕೊಡುತ್ತಾರೆ. ನಿಮ್ಮ ಫ್ಯಾನ್ ಸರಿಹೋಯಿತಾ ಅನ್ನುವುದಕ್ಕಿಂತ ಕರೆ ಬೇಗ ಮುಗಿಯಿತಾ ಅನ್ನುವುದೇ ಮುಖ್ಯವಾಗುತ್ತದೆ. ವಯಸ್ಸಾದವರೊಬ್ಬರು ನಿಧಾನವಾಗಿ ಮಾತಾಡುತ್ತಿದ್ದಾಗ ಮೂಲೆಯಲ್ಲಿ ಓಡುವ ಆ ಟೈಮರ್ ನೋಡಿಕೊಂಡು ಮಾತು ಕತ್ತರಿಸಬೇಕಾದ ಹಿಂಸೆ ನನಗೆ ಗೊತ್ತು.

ಮಳಿಗೆಯಲ್ಲಿ ಬೇರೆ ಥರ. ಒಂದು ವಿಭಾಗದಲ್ಲಿ ಸಾಮಾನುಗಳ ಬಗ್ಗೆ ನಾಲ್ಕು ವಿಷಯ ಕಲಿಯುವಷ್ಟರಲ್ಲಿ ಇನ್ನೊಂದಕ್ಕೆ ಹಾಕುತ್ತಾರೆ. ಹೆಚ್ಚು ದಿನ ಉಳಿದರೆ ಸಂಬಳ ಏರಿಸಬೇಕಾಗುತ್ತದೆ, ಹಾಗಾಗಿ ಹೊಸಬರು ಬರುತ್ತಲೇ ಇರಲಿ ಅನ್ನುವ ಏರ್ಪಾಡು. ಗಿರಾಕಿ ಬಂದು ಈ ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ಡಬ್ಬದ ಮೇಲೆ ಬರೆದಿದ್ದನ್ನೇ ಓದಿ ಹೇಳುತ್ತಿದ್ದೆವು. ಅದು ಹುಡುಗರ ಸೋಮಾರಿತನ ಅಲ್ಲ, ಕಲಿಯಲು ಸಮಯವೇ ಕೊಡದಿರುವುದು.

ಸೆಲ್ಫ್ ಚೆಕ್‌ಔಟ್, ಅಂದರೆ ಗಿರಾಕಿಯೇ ಯಂತ್ರದಲ್ಲಿ ಬಿಲ್ಲು ಹಾಕಿಕೊಳ್ಳುವ ಏರ್ಪಾಡು, ಅದರ ಬಗ್ಗೆ ಯಾರೂ ಹೇಳಿಲ್ಲ. ಬಿಲ್ಲು ಹಾಕುವ ಕೆಲಸ ಮೊದಲು ಸಂಬಳ ಪಡೆಯುವವರದ್ದಾಗಿತ್ತು, ಈಗ ಅದನ್ನು ಗಿರಾಕಿಯೇ ಸಂಬಳವಿಲ್ಲದೆ ಮಾಡಬೇಕು. ಹಳೆಯ ಪದ್ಧತಿಯೇ ತಿರುಗಿ ಬರಬಹುದು ಅನ್ನುವುದಕ್ಕೂ ಉದಾಹರಣೆ ಇದೆ. ಉತ್ತರ ಇಂಗ್ಲೆಂಡ್‌ನ ಬೂತ್ಸ್ ಅನ್ನುವ ಸೂಪರ್‌ಮಾರ್ಕೆಟ್ ಕಂಪನಿ 2023ರಲ್ಲಿ ತನ್ನ 28 ಮಳಿಗೆಗಳಲ್ಲಿ 2 ಬಿಟ್ಟು ಉಳಿದೆಲ್ಲ ಕಡೆ ಈ ಯಂತ್ರಗಳನ್ನು ತೆಗೆದುಹಾಕುವುದಾಗಿ ಹೇಳಿತು, ಜನ ಜನರ ಹತ್ತಿರವೇ ಮಾತಾಡಲು ಬಯಸುತ್ತಾರೆ ಅಂತ. ನೆದರ್‌ಲ್ಯಾಂಡ್ಸ್‌ನ ಜಂಬೋ ಅನ್ನುವ, ಹಲವು ಕಡೆ ಶಾಖೆಗಳಿರುವ ಸರಪಳಿ ಮಳಿಗೆ 2019ರಲ್ಲಿ ಮಾತಾಡಲೆಂದೇ ಒಂದು ಕೌಂಟರ್ ಶುರು ಮಾಡಿತು. ಅವಸರ ಇಲ್ಲದವರು, ಒಂಟಿಯಾಗಿರುವ ಹಿರಿಯರು ಅಲ್ಲಿ ನಿಂತು ನಿಧಾನಕ್ಕೆ ನಾಲ್ಕು ಮಾತಾಡಿ ಬಿಲ್ಲು ಹಾಕಿಸಿಕೊಳ್ಳಬಹುದು. ಮುಂದೆ ಅದನ್ನು ಇನ್ನೂ ಎಷ್ಟೋ ಮಳಿಗೆಗಳಿಗೆ ಹಬ್ಬಿಸಿದರು. ನನಗೆ ಇದು ತುಂಬಾ ಇಷ್ಟವಾದ ಸುದ್ದಿ. ಒಂದು ದೊಡ್ಡ ಕಂಪನಿ ಮಾತಿಗೆ ಬೇಕಾದ ಸಮಯವನ್ನು ಖರ್ಚು ಅಂತ ನೋಡದೆ, ಸೇವೆ ಅಂತ ಒಪ್ಪಿಕೊಂಡಿತಲ್ಲ.

ಹಾಗಾಗಿ ದೊಡ್ಡದೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎದುರಿಗೆ ನಿಂತವರಿಗೆ ತೀರ್ಮಾನ ಮಾಡುವ ಅಧಿಕಾರ ಇದೆಯಾ, ಕಲಿಯಲು ಸಮಯ ಇದೆಯಾ, ಇವೆರಡನ್ನು ನೋಡಿ. ಸಣ್ಣ ಅಂಗಡಿಯಲ್ಲಿ ಇವೆರಡೂ ತಾನಾಗಿಯೇ ಇರುತ್ತವೆ. ದೊಡ್ಡ ಕಡೆ ಯಾರಾದರೂ ಮನಸ್ಸು ಮಾಡಿ ಕೊಡಬೇಕು.

ನೇರ ಮಾತು

ಎಲ್ಲರೂ ಹಳೆಯ ಅಂಗಡಿಗಳನ್ನು ಹೊಗಳುತ್ತಿದ್ದೀರಿ. ನಾನು ಒಂದು ಬೇರೆ ಮಾತು ಹೇಳಲೇಬೇಕು.

ತೀರ್ಮಾನ ಅಂಗಡಿಯವರ ಕೈಯಲ್ಲೇ ಇತ್ತು ಅಂತ ಹೇಳುತ್ತಿದ್ದೀರಲ್ಲ, ಆ ತೀರ್ಮಾನ ಎಲ್ಲರಿಗೂ ಒಂದೇ ಥರ ಇತ್ತಾ? ಒಬ್ಬರಿಗೆ ಕೂರಲು ಕುರ್ಚಿ, ಇನ್ನೊಬ್ಬರನ್ನು ಎಷ್ಟು ಹೊತ್ತಾದರೂ ತಿರುಗಿ ನೋಡದಿರುವುದು. ಒಬ್ಬರ ಮಾತಿನ ಮೇಲೆ ನಂಬಿಕೆ ಇಟ್ಟು ಬದಲಿ ಪೀಸ್, ಇನ್ನೊಬ್ಬರಿಗೆ ನೀವೇ ಕೆಡಿಸಿದ್ದು ಅಂತ ವಾದ. ಬಟ್ಟೆ ನೋಡಿ, ಮಾತಿನ ಧಾಟಿ ನೋಡಿ ಬೆಲೆ ಹೇಳುತ್ತಿದ್ದ ಅಂಗಡಿಗಳು ಎಷ್ಟಿದ್ದವು! ಹೆಂಗಸರು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಡ್ರಿಲ್ ಬಿಟ್ ಕೇಳಿದರೆ ಮನೆಯಲ್ಲಿ ಗಂಡಸರು ಯಾರೂ ಇಲ್ವಾ ಅಂತ ಕೇಳಿಸಿಕೊಳ್ಳಬೇಕಿತ್ತು. ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಕೆಲವು ಔಷಧಿಗಳನ್ನು ಹತ್ತು ಜನರ ಮುಂದೆ ಬಾಯಿಬಿಟ್ಟು ಕೇಳಬೇಕಿತ್ತು. ಸ್ವಂತ ಕೈಯಲ್ಲಿ ತೆಗೆದುಕೊಂಡು, ಹಿಂದೆ ಬರೆದಿದ್ದನ್ನು ನಿಧಾನವಾಗಿ ಓದಿ, ಬೇಡ ಅನ್ನಿಸಿದರೆ ಯಾರಿಗೂ ಉತ್ತರ ಹೇಳದೆ ವಾಪಸ್ ಇಡುವುದು, ಇದು ನನ್ನಂಥವರಿಗೆ ಸಣ್ಣ ಸ್ವಾತಂತ್ರ್ಯ ಅಲ್ಲ.

ಇತಿಹಾಸದಲ್ಲೂ ಇದೇ ಇದೆ. ಪ್ಯಾರಿಸ್‌ನ ಬಾನ್ ಮಾರ್ಶೆ ಅಂಗಡಿಗೆ ಅರಿಸ್ತೀದ್ ಬೂಸಿಕೋ 1852ರಲ್ಲಿ ಪಾಲುದಾರರಾಗಿ ಸೇರಿ ಅದನ್ನು ದೊಡ್ಡ ಮಳಿಗೆಯಾಗಿ ಬೆಳೆಸಿದರು. ಅಲ್ಲಿ ಎಲ್ಲರಿಗೂ ಒಂದೇ ಬೆಲೆ, ಅದೂ ಬರೆದಿಟ್ಟಿದ್ದು. ಕೊಳ್ಳದಿದ್ದರೂ ಒಳಗೆ ಬಂದು ನೋಡಬಹುದು, ಕೊಂಡದ್ದು ಬೇಡವಾದರೆ ವಾಪಸ್ ಕೊಡಬಹುದು. ಚೌಕಾಸಿಯೇ ರೂಢಿಯಾಗಿದ್ದ ಕಾಲದಲ್ಲಿ ಇದು ದೊಡ್ಡ ಬದಲಾವಣೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜನಾಂಗ ಭೇದದ ಕಾನೂನುಗಳಿದ್ದ ದಿನಗಳಲ್ಲಿ ಕಪ್ಪು ಜನರಿಗೆ ಸ್ಥಳೀಯ ಅಂಗಡಿಗಳಲ್ಲಿ ಬಿಳಿಯರೆಲ್ಲ ಮುಗಿದ ಮೇಲೆ ಸರದಿ. ಸಾಲ ಕೊಡುವುದೂ ಬಿಡುವುದೂ ಅಂಗಡಿಯವನ ಮರ್ಜಿ. ಸಿಯರ್ಸ್ ಕಂಪನಿಯ ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ತರಿಸಿಕೊಳ್ಳುವುದು ಅವರಿಗೆ ಆ ಅವಮಾನದಿಂದ ತಪ್ಪಿಸಿಕೊಳ್ಳುವ ಒಂದು ದಾರಿಯಾಗಿತ್ತು. ಅಂಚೆಯಲ್ಲಿ ಕಂಪನಿಗೆ ಬಂದ ಆರ್ಡರ್ ಫಾರಂನಲ್ಲಿ ಮುಖ ಕಾಣುವುದಿಲ್ಲವಲ್ಲ.

ಸಣ್ಣ ಅಂಗಡಿಗಳು ಉಳಿಯಲಿ, ನನಗೂ ಬೇಕು. ನಟ್ಟು ಬೋಲ್ಟು ಅವರು ಹೇಳಿದ ಹಾಗೆ ಪ್ರಶ್ನೆ ಕೇಳುವ ಅಂಗಡಿ ನನಗೂ ಇಷ್ಟ. ಆದರೆ ಬೆಲೆ ಬರೆದಿಡಲಿ. ಬದಲಿ ಕೊಡುವ ನಿಯಮ ಗೋಡೆ ಮೇಲೆ ಇರಲಿ. ಅದಕ್ಕಿಂತ ಜಾಸ್ತಿ ಔದಾರ್ಯ ತೋರಿಸಬೇಕು ಅನ್ನಿಸಿದರೆ ತೋರಿಸಲಿ, ಅದಕ್ಕಿಂತ ಕಡಿಮೆ ಮಾತ್ರ ಯಾರಿಗೂ ಆಗಬಾರದು.

ಮಗಳು

ನನ್ನದು ಚಿಕ್ಕ ಮಾತು. ಅಮ್ಮನಿಗೆ ಕಣ್ಣು ಮಂಜು, ಆ್ಯಪ್ ಓದಲು ಆಗುವುದಿಲ್ಲ. ಓಟಿಪಿ ಬಂದರೆ ಯಾರನ್ನಾದರೂ ಕರೆಯಬೇಕು. ಫೋನಿನಲ್ಲಿ "ಹೋದ ಸಲ ಕೊಟ್ಟಿದ್ದೇ ಕಳಿಸಿ" ಅಂದರೆ ಅರ್ಥ ಮಾಡಿಕೊಳ್ಳುವ ಒಬ್ಬ ಅಂಗಡಿಯವರು ಇರುವ ತನಕ ಅಮ್ಮ ಯಾರ ಹಂಗೂ ಇಲ್ಲದೆ ಸ್ವಂತವಾಗಿ ವ್ಯವಹಾರ ಮಾಡುತ್ತಿದ್ದರು. ಆ ಅಂಗಡಿ ಮುಚ್ಚಿದ ಮೇಲೆ ಎಲ್ಲಕ್ಕೂ ನನ್ನನ್ನೇ ಕೇಳಬೇಕು, ಅದು ಅವರಿಗೆ ಇಷ್ಟವಿಲ್ಲ. ಅಗ್ಗದ ಬೆಲೆಯ ಲೆಕ್ಕ ಹಾಕುವವರು ಇಂಥವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪುಟ ತಿರುವುವವನು

ನನಗೆ ಪುಸ್ತಕದಂಗಡಿಗಳ ಮೇಲೆ ಪ್ರೀತಿ, ಹಾಗಾಗಿ ಈ ವಿಷಯವನ್ನು ಸ್ವಲ್ಪ ಓದಿಕೊಂಡಿದ್ದೇನೆ. ಈ ಚರ್ಚೆಯಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಸಣ್ಣ ಅಂಗಡಿಗಳು ಮುಚ್ಚುವುದು ಕಾಲದ ಮಹಿಮೆ, ಯಾರೂ ಏನೂ ಮಾಡಲು ಆಗುವುದಿಲ್ಲ ಅನ್ನುವ ಹಾಗೆ ಮಾತಾಡುತ್ತೇವೆ. ಅದು ನಿಜವಲ್ಲ. ಯಾವ ದೇಶ ಯಾವ ನಿಯಮ ಮಾಡಿತು ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ.

ಮೊದಲು ತಂತ್ರದ ಕಥೆ, ಬೇಗ ಹೇಳಿ ಮುಗಿಸುತ್ತೇನೆ. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಅನ್ನುವವರು ಪಿಗ್ಲಿ ವಿಗ್ಲಿ ಅನ್ನುವ ಅಂಗಡಿ ತೆರೆದರು. ಗಿರಾಕಿಯೇ ಒಳಗೆ ಓಡಾಡಿ ಸಾಮಾನು ಆರಿಸಿಕೊಳ್ಳುವ ಪದ್ಧತಿ ಅಲ್ಲಿಂದ ಹರಡಿತು. ಅದಕ್ಕೂ ಮೊದಲು ಕೌಂಟರ್ ಆಚೆ ನಿಂತವರು ಒಂದೊಂದನ್ನೇ ತೆಗೆದುಕೊಡುತ್ತಿದ್ದರು. 1937ರಲ್ಲಿ ಒಕ್ಲಹೋಮಾ ಸಿಟಿಯಲ್ಲಿ ಸಿಲ್ವನ್ ಗೋಲ್ಡ್‌ಮನ್ ತಳ್ಳುವ ಗಾಡಿ ತಂದರು. 1974ರ ಜೂನ್ 26ರಂದು ಒಹಾಯೋದ ಟ್ರಾಯ್ ಊರಿನಲ್ಲಿ ಒಂದು ಚೂಯಿಂಗ್ ಗಮ್ ಪೊಟ್ಟಣದ ಬಾರ್‌ಕೋಡ್ ಸ್ಕ್ಯಾನ್ ಆಯಿತು. ಸಾಮಾನಿನ ಬೆಲೆ, ಸ್ಟಾಕ್ ಎಲ್ಲವೂ ಯಂತ್ರದ ನೆನಪಿಗೆ ಹೋಗಲು ಶುರುವಾದದ್ದು ಆ ಕಾಲದಲ್ಲಿ. ಅಂಗಡಿಯವರ ತಲೆಯಲ್ಲಿ ಇರಬೇಕಾದದ್ದು ಹೀಗೆ ಹಂತ ಹಂತವಾಗಿ ಕಡಿಮೆಯಾಯಿತು.

ಈಗ ನಿಯಮದ ಕಥೆ. ನಟ್ಟು ಬೋಲ್ಟು ಅವರು ಹೇಳಿದ ರೇಟಿನ ಸಮಸ್ಯೆ ಹೊಸದಲ್ಲ. ಅಮೆರಿಕದಲ್ಲಿ ಸರಪಳಿ ಅಂಗಡಿಗಳು ಬೆಳೆದು, ತಯಾರಕರನ್ನು ಬಗ್ಗಿಸಿ ತಮಗೆ ಮಾತ್ರ ಕಡಿಮೆ ದರ ಪಡೆಯುತ್ತಿದ್ದಾಗ, 1936ರಲ್ಲಿ ರಾಬಿನ್ಸನ್-ಪ್ಯಾಟ್‌ಮನ್ ಕಾಯ್ದೆ ಬಂತು. ಪೈಪೋಟಿಗೆ ಪೆಟ್ಟು ಬೀಳುವ ಹಾಗೆ ಒಂದೇ ಸರಕನ್ನು ಒಬ್ಬ ವ್ಯಾಪಾರಿಗೆ ಒಂದು ದರಕ್ಕೆ, ಅವನ ಎದುರಾಳಿಗೆ ಇನ್ನೊಂದು ದರಕ್ಕೆ ಕೊಡಬಾರದು ಅನ್ನುವುದು ಅದರ ಸಾರ. ಜಾಸ್ತಿ ಮಾಲು ಕಳಿಸುವಾಗ ನಿಜವಾಗಿಯೂ ಖರ್ಚು ಉಳಿದರೆ ಅಷ್ಟು ರಿಯಾಯಿತಿ ಕೊಡಬಹುದು. ಕಾಯ್ದೆ ಇವತ್ತಿಗೂ ಪುಸ್ತಕದಲ್ಲಿದೆ. ಆದರೆ 1980ರ ದಶಕದಿಂದ ಸರ್ಕಾರ ಅದನ್ನು ಜಾರಿ ಮಾಡುವುದನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟಿತು. ಗಿರಾಕಿಗೆ ಬೆಲೆ ಇಳಿದರೆ ಸಾಕು, ಬೇರೇನೂ ನೋಡಬೇಕಿಲ್ಲ ಅನ್ನುವ ವಾದ ಗೆದ್ದಿತು.

ಪುಸ್ತಕದಂಗಡಿಗಳಲ್ಲಿ ಹೋಲಿಕೆ ಇನ್ನೂ ಸ್ಪಷ್ಟ. ಫ್ರಾನ್ಸ್‌ನಲ್ಲಿ 1981ರಲ್ಲಿ ಒಂದು ಕಾನೂನು ಮಾಡಿದರು. ಆಗಿನ ಸಂಸ್ಕೃತಿ ಸಚಿವ ಜಾಕ್ ಲಾಂಗ್ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಹೊಸ ಪುಸ್ತಕದ ಬೆಲೆಯನ್ನು ಪ್ರಕಾಶಕರು ನಿಗದಿ ಮಾಡುತ್ತಾರೆ, ಯಾರೇ ಮಾರಿದರೂ 5%ಗಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ. ಅಂದರೆ ದೊಡ್ಡವರು ಬೆಲೆಯಿಂದ ಹೊಡೆಯಲು ಆಗುವುದಿಲ್ಲ, ಯಾರ ಹತ್ತಿರ ಒಳ್ಳೆಯ ಆಯ್ಕೆ ಇದೆ, ಯಾರು ಚೆನ್ನಾಗಿ ಸಲಹೆ ಕೊಡುತ್ತಾರೆ ಅನ್ನುವುದರ ಮೇಲೆ ಸ್ಪರ್ಧೆ. ಅಲ್ಲಿ ಈಗಲೂ 3000ಕ್ಕೂ ಹೆಚ್ಚು ಸ್ವತಂತ್ರ ಪುಸ್ತಕದಂಗಡಿಗಳಿವೆ. ಬ್ರಿಟನ್‌ನಲ್ಲಿ ಇಂಥದ್ದೇ ಒಂದು ಒಪ್ಪಂದ 1900ರಿಂದ ಇತ್ತು. 1995ರಲ್ಲಿ ದೊಡ್ಡವರು ಅದರಿಂದ ಹೊರಬಂದರು, 1997ರಲ್ಲಿ ನ್ಯಾಯಾಲಯ ಅದನ್ನು ಕಾನೂನಿಗೆ ವಿರುದ್ಧ ಅಂತ ಹೇಳಿತು. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ 1995ರಲ್ಲಿ 1894 ಸ್ವತಂತ್ರ ಪುಸ್ತಕದಂಗಡಿಗಳಿದ್ದವು, 2016ಕ್ಕೆ 867ಕ್ಕೆ ಇಳಿದವು. ಇದಕ್ಕೆ ಬೆಲೆ ಒಂದೇ ಕಾರಣ ಅಂತ ನಾನು ಹೇಳುತ್ತಿಲ್ಲ, ಆನ್‌ಲೈನ್ ವ್ಯಾಪಾರ ಬೆಳೆದದ್ದೂ ಅದೇ ವರ್ಷಗಳಲ್ಲಿ. ಆದರೆ ಆನ್‌ಲೈನ್ ಫ್ರಾನ್ಸ್‌ಗೂ ಬಂದಿತ್ತಲ್ಲ!

ಇನ್ನೊಂದು ಸಂತೋಷದ ವಿಷಯ. ಆ 867 ಮತ್ತೆ ಏರಿತು, 2022ರ ಹೊತ್ತಿಗೆ 1000 ದಾಟಿತ್ತು. ಹಾಗೆ ತೆರೆದ ಎಷ್ಟೋ ಹೊಸ ಅಂಗಡಿಗಳು ಎಲ್ಲ ಪುಸ್ತಕ ಇಡಲು ಹೋಗುವುದಿಲ್ಲ. ಮಾಲೀಕರು ತಾವೇ ಓದಿ, ಆರಿಸಿ, ಕೈಬರಹದ ಚೀಟಿ ಅಂಟಿಸಿ ಇಡುತ್ತಾರೆ. ಜನ ಬರುವುದು ಆ ಆಯ್ಕೆಯ ಮೇಲಿನ ನಂಬಿಕೆಯಿಂದ.

ಸಂಘದ ದಾರಿಯೂ ಇದೆ. 1924ರಲ್ಲಿ ಚಿಕಾಗೋದ ಕೆಲವು ಹಾರ್ಡ್‌ವೇರ್ ಅಂಗಡಿಯವರು ಒಟ್ಟಾಗಿ ಸಗಟು ಖರೀದಿ ಮಾಡಲು ಶುರು ಮಾಡಿದ್ದೇ ಏಸ್ ಹಾರ್ಡ್‌ವೇರ್. ಇವತ್ತು ಅದು ಸಾವಿರಾರು ಅಂಗಡಿಗಳ ಜಾಲ, ಸಂಸ್ಥೆಯ ಒಡೆತನ ಸದಸ್ಯ ಅಂಗಡಿಯವರದ್ದೇ. ಸ್ಪಾರ್ ಕೂಡ 1932ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಸರಪಳಿ ಮಳಿಗೆಗಳನ್ನು ಎದುರಿಸಲು ಸ್ವತಂತ್ರ ಅಂಗಡಿಗಳು, ಸಗಟು ವ್ಯಾಪಾರಿಗಳು ಸೇರಿ ಕಟ್ಟಿಕೊಂಡದ್ದು. ಖರೀದಿಯಲ್ಲಿ ದೊಡ್ಡವರಾಗಿ, ಮಾರಾಟದಲ್ಲಿ ಸಣ್ಣವರಾಗಿಯೇ ಉಳಿಯುವುದು. ನನಗೆ ಇದೇ ಎಲ್ಲಕ್ಕಿಂತ ಗಟ್ಟಿ ದಾರಿ ಅನ್ನಿಸುತ್ತದೆ, ಯಾಕೆಂದರೆ ಕಾನೂನು ಬದಲಾಗುವ ತನಕ ಕಾಯಬೇಕಿಲ್ಲ.

ಹಳೇ ಗಿರಾಕಿ

ಇಷ್ಟು ಒಳ್ಳೆಯ ಉತ್ತರಗಳು ಬರುತ್ತವೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ನೇರ ಮಾತು ಅವರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ತೀರ್ಮಾನ ಒಬ್ಬರ ಕೈಯಲ್ಲಿದ್ದರೆ ಅದರಿಂದ ನೋವು ತಿಂದವರೂ ಇರುತ್ತಾರೆ, ಒಪ್ಪಿದೆ. ಬರೆದ ನಿಯಮ ಕೆಳಗಿನ ಮಿತಿ, ಅದರ ಮೇಲೆ ಅಂಗಡಿಯವರ ವಿವೇಕ, ಹೀಗೆ ಇದ್ದರೆ ಸರಿ. ಕೌಂಟರ್ ಹಿಂದಿನವರು ಹೇಳಿದ್ದು ಓದಿದ ಮೇಲೆ ಮುಂದಿನ ಸಲ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ನನ್ನ ದನಿ ಬೇರೆ ಇರುತ್ತದೆ.

ನಟ್ಟು ಬೋಲ್ಟು ಅವರೇ, ನಿಮಗೆ ಎರಡು ಪ್ರಶ್ನೆ. ಸಲಹೆಗೆ ದುಡ್ಡು ತೆಗೆದುಕೊಂಡರೆ ತಪ್ಪಾ? ಡಾಕ್ಟರು, ವಕೀಲರು ತೆಗೆದುಕೊಳ್ಳುತ್ತಾರೆ, ನಿಮಗೂ ತಿಳಿವಳಿಕೆಯೇ ಬಂಡವಾಳ. ಮತ್ತೆ, ನಮ್ಮಂಥ ಗಿರಾಕಿಗಳು ನಿಜಕ್ಕೂ ಉಪಯೋಗ ಆಗುವ ಹಾಗೆ ಏನು ಮಾಡಬಹುದು? ಸುಮ್ನೆ ಅಯ್ಯೋ ಪಾಪ ಅನ್ನುವುದು ಬಿಟ್ಟು.

ನಟ್ಟು ಬೋಲ್ಟು

ಸಲಹೆಗೆ ಅಂತ ಬೇರೆಯಾಗಿ ದುಡ್ಡು ಕೇಳಲು ನನಗೆ ಮನಸ್ಸು ಬರುವುದಿಲ್ಲ. ಕೇಳಿದರೆ ಜನ ಪ್ರಶ್ನೆ ಕೇಳುವುದನ್ನೇ ನಿಲ್ಲಿಸುತ್ತಾರೆ, ಆಮೇಲೆ ತಪ್ಪು ಸಾಮಾನು ತೆಗೆದುಕೊಂಡು ಹೋಗುತ್ತಾರೆ. ಆದರೆ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ. ಪೈಪ್ ಅಳತೆಗೆ ಕತ್ತರಿಸಿ ಥ್ರೆಡ್ ಹಾಕಿ ಕೊಡುವುದು, ಬೀಗಕ್ಕೆ ಕೀ ಮಾಡಿಕೊಡುವುದು, ಗರಗಸ ಸಾಣೆ ಹಿಡಿಯುವುದು, ಮನೆಗೆ ಹುಡುಗನನ್ನು ಕಳಿಸಿ ಜೋಡಿಸಿ ಬರುವುದು. ಇವಕ್ಕೆಲ್ಲ ದರ ಬರೆದು ಹಾಕಿದ್ದೇನೆ. ಬೇರೆ ಕಡೆ ಕೊಂಡ ನಲ್ಲಿಯನ್ನೂ ಜೋಡಿಸಿ ಕೊಡುತ್ತೇವೆ, ಅದಕ್ಕೂ ದರ ಇದೆ, ಅದರಲ್ಲಿ ಬೇಜಾರಿಲ್ಲ. ನಮ್ಮಲ್ಲೇ ಕೊಂಡರೆ ಜೋಡಿಸುವ ದರ ಕಡಿಮೆ. ಇದರಿಂದ ಸ್ವಲ್ಪ ಉಸಿರಾಡುವ ಹಾಗಾಗಿದೆ.

ಪುಟ ತಿರುವುವವರು ಹೇಳಿದ ಒಟ್ಟಿಗೆ ಖರೀದಿ ಮಾಡುವ ವಿಷಯ ನಾವು ಕೆಲವು ಅಂಗಡಿಯವರು ಮಾತಾಡಿದ್ದೇವೆ. ಸ್ಕ್ರೂ, ಪೈಪ್‌ನಂಥ ಓಡುವ ಸರಕಿಗೆ ಆಗುತ್ತದೆ. ತೊಡಕು ಇರುವುದು ನಂಬಿಕೆಯದ್ದು. ಮುಂಗಡ ಯಾರು ಹಾಕಬೇಕು, ಗೋಡೌನ್ ಯಾರದ್ದು, ಒಬ್ಬರು ದುಡ್ಡು ತಡ ಮಾಡಿದರೆ ಏನು ಮಾಡುವುದು ಅಂತ ಕಾಗದದ ಮೇಲೆ ಬರೆದುಕೊಳ್ಳದೆ ಶುರು ಮಾಡಿದರೆ ಮೊದಲ ಲಾರಿ ಬಂದ ದಿನವೇ ಜಗಳ. ಬರೆದುಕೊಳ್ಳುತ್ತಿದ್ದೇವೆ.

ನೇರ ಮಾತು ಮೇಡಂ, ನೀವು ಹೇಳಿದ್ದು ನಮ್ಮ ವ್ಯಾಪಾರದವರೆಲ್ಲ ಓದಬೇಕು. ನಮ್ಮಲ್ಲಿ ಈಗ ಗಲ್ಲಾದಲ್ಲಿ ಕೂರುವುದು ನನ್ನ ತಂಗಿ, ಡ್ರಿಲ್ ಬಗ್ಗೆ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಬದಲಿ ಕೊಡುವ ನಿಯಮದ ಬೋರ್ಡು ನಮ್ಮಲ್ಲಿ ಇಲ್ಲ, ಹಾಕಿಸುತ್ತೇನೆ.

ಗಿರಾಕಿಗಳು ಏನು ಮಾಡಬಹುದು ಅಂತ ಕೇಳಿದಿರಿ. ಎಲ್ಲವನ್ನೂ ನಮ್ಮಲ್ಲೇ ಕೊಳ್ಳಿ ಅಂತ ನಾನು ಕೇಳುವುದಿಲ್ಲ, ಅದು ನ್ಯಾಯವೂ ಅಲ್ಲ. ದೊಡ್ಡ ಖರೀದಿ ಇದ್ದಾಗ ಒಂದು ಸಲ ನಮ್ಮನ್ನೂ ಕೇಳಿ. ಅಲ್ಲಿ ಇಷ್ಟಕ್ಕೆ ಸಿಗುತ್ತಿದೆ, ನೀವು ಎಷ್ಟಕ್ಕೆ ಕೊಡುತ್ತೀರಿ ಅಂತ ನೇರವಾಗಿ ಕೇಳಿದರೆ ನಮಗೆ ಅವಮಾನ ಆಗುವುದಿಲ್ಲ. ಕೆಲವು ಸಲ ಆಗುತ್ತದೆ, ಕೆಲವು ಸಲ ಆಗುವುದಿಲ್ಲ ಅಂತ ನಾವೂ ನೇರವಾಗಿ ಹೇಳುತ್ತೇವೆ. ಕೇಳದೇ ಹೋದರೆ ನಮಗೆ ಗೊತ್ತೇ ಆಗುವುದಿಲ್ಲ. ಬೇಕಾದ ಸಾಮಾನು ಇಲ್ಲದಿದ್ದರೆ ಎರಡು ದಿನ ಟೈಮ್ ಕೊಡಿ, ತರಿಸಿಕೊಡುತ್ತೇವೆ. ಆ ಫ್ಯಾನ್ ಇನ್ನೂ ಹಾಗೇ ಬಿದ್ದಿದ್ದರೆ, ಹತ್ತಿರದಲ್ಲಿ ರಿಪೇರಿಯವರು ಯಾರಿದ್ದರೂ ಸರಿ, ಒಮ್ಮೆ ತೋರಿಸಿ. ರೆಕ್ಕೆಯನ್ನು ಕೈಯಲ್ಲಿ ತಳ್ಳಿದರೆ ನಿಧಾನವಾಗಿ ತಿರುಗಲು ಶುರುವಾಗುತ್ತದೆ ಅಂದರೆ ಕೆಪಾಸಿಟರ್ ಹೋಗಿರುವ ಸಾಧ್ಯತೆ ಜಾಸ್ತಿ, ಅದು ಸಣ್ಣ ಕೆಲಸ. ಆದರೆ ವಾರಂಟಿ ಇನ್ನೂ ಇದ್ದರೆ ಬಿಚ್ಚಿಸಬೇಡಿ, ಮೊದಲು ಅದನ್ನು ಕೇಳಿಕೊಳ್ಳಿ.